ಸಂಗ್ರಹವೂ ದಾಸೋಹವೂ

(ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿ ನಡೆದ ಶಿವಾನುಭವಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆ ಸಂಜೆ ನಾವು ಈ ಊರಿಗೆ ಬಂದಾಗ ಪಾದಪೂಜೆ ಮುಗಿಸಿದ ಮನೆಯ ತಾಯಿಯೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ನಮ್ಮ ಬಳಿಗೆ ಬರುವವರು ಸಾಮಾನ್ಯವಾಗಿ ಮಗಳ ಮದುವೆ, ಮಗನ ನೌಕರಿ, ಕೊಳವೆಬಾವಿಯ ನೀರು, ಇಂಥವನ್ನು ಕುರಿತು ಕೇಳುತ್ತಾರೆ. ಈ ತಾಯಿ ಕೇಳಿದ್ದು ಸಾಂಬಾರ ಡಬ್ಬಿಯ ವಿಷಯ. "ಬುದ್ಧೀ, ಅಂಗಡೀಲಿ ಒಂದ್ಸಲ ಜೀರಿಗೆ ಇರಲ್ಲ, ಒಂದ್ಸಲ ಮೆಣಸಿನಕಾಯಿ ಇರಲ್ಲ. ಇದ್ದರೂ ಮುಟ್ಟೋ ಹಂಗಿರಲ್ಲ. ಕೈಯಾಗೆ ಕಾಸಿದ್ದಾಗ ತಂದು ತುಂಬಿಟ್ಕೊಂಡ್ರೆ ತಪ್ಪಾ? ನಾಳೆಗೆ ಅಂತ ಕೂಡಿಡಬಾರದು ಅಂತ ಶರಣರು ಹೇಳವ್ರಂತಲ್ಲ?" ಎಂದರು.

"ನಾಳೆ ಗೋಷ್ಠಿಗೆ ಬಾ ತಾಯಿ, ಅಲ್ಲಿ ಹೇಳುತ್ತೇವೆ" ಎಂದು ನಾವು ಅಂದೆವು. ಉತ್ತರ ಗೊತ್ತಿಲ್ಲದೆ ಹಾಗೆ ಹೇಳಲಿಲ್ಲ. ಈ ಪ್ರಶ್ನೆ ಒಮ್ಮೆ ನಮ್ಮ ಎದುರಿಗೇ ಬಂದು ನಿಂತಿತ್ತು, ಆಗ ನಾವು ತಪ್ಪು ಉತ್ತರ ಕೊಟ್ಟಿದ್ದೆವು. ಅದನ್ನು ಒಬ್ಬರ ಕಿವಿಯಲ್ಲಿ ಹೇಳುವುದಕ್ಕಿಂತ ಎಲ್ಲರ ಮುಂದೆ ಹೇಳುವುದು ಲೇಸೆಂದು ತೋರಿತು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮನೆಯಲ್ಲಿ ದಿನಸಿ ಸಂಗ್ರಹ ಮಾಡುವುದು ಪಾಪವಲ್ಲ. ಅದರಲ್ಲಿಯೂ ಈ ಕೋಲಾರ ಸೀಮೆಯಲ್ಲಿ ಸಂಗ್ರಹ ಮಾಡದವನು ಬದುಕುವಂತೆಯೇ ಇರಲಿಲ್ಲ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. 1876ರಿಂದ 78ರವರೆಗೆ ಬಿದ್ದ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನವೆಲ್ಲ ತತ್ತರಿಸಿತು, ಈ ಸೀಮೆಯೂ ಬಹಳ ನಲುಗಿತು. ಅಂಥ ಕಾಲ ಕಂಡ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ರಾಗಿಯ ಗುಣ ನಿಮಗೆ ಗೊತ್ತು, ತೇವ ತಾಕದಂತೆ ನೋಡಿಕೊಂಡರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ.

ಆ ಹಗೇವಿನಲ್ಲಿ ಒಂದು ವಿಶೇಷವಿತ್ತು, ಇಂದಿನ ಯುವಕರಿಗೆ ಅದು ತಿಳಿಯದು. ಬಹುಕಾಲ ಮುಚ್ಚಿದ್ದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಹಗ್ಗ ಹಿಡಿಯಲು ನಾಲ್ಕು ಜನರನ್ನು ನಿಲ್ಲಿಸಿಕೊಂಡು ಒಳಗೆ ಇಳಿಯಬೇಕು. ಹೀಗಾಗಿ ಯಾರೂ ಒಬ್ಬನೇ ತನ್ನ ಹಗೇವನ್ನು ತೆಗೆಯುವಂತಿರಲಿಲ್ಲ. ಸಂಗ್ರಹ ತನ್ನದಾದರೂ ಅದನ್ನು ತೆಗೆಯಲು ನೆರೆಹೊರೆಯವರು ಬೇಕಾಗಿತ್ತು. ಯಾರ ಮನೆಯಲ್ಲಿ ಎಷ್ಟಿದೆ ಎಂಬುದು ಊರಿಗೇ ಗೊತ್ತಿರುತ್ತಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಗಿಯ ಹಾಗೆಯೇ ಹುಣಸೆಹಣ್ಣು. ಬೇಸಿಗೆ ಕಾಲಿಡುವಾಗ ಹುಣಸೆ ಉದುರಿಸುತ್ತಾರೆ. ತಾಯಂದಿರು ಜಗಲಿಯ ಮೇಲೆ ಕುಳಿತು ಓಡು ಬಿಡಿಸಿ, ಬೀಜ ತೆಗೆದು, ನಾರು ಕಿತ್ತು, ಉಪ್ಪು ಬೆರೆಸಿ ಮಡಕೆಯಲ್ಲಿ ಅದುಮಿ ಇಡುತ್ತಾರೆ. ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಗಲಗಲ ಎನ್ನುವ ತನಕ ಒಣಗಿಸಿ ತುಂಬುತ್ತಾರೆ. ಕಾರ ಕುಟ್ಟಿಸಿದ ಮೇಲೆ ಡಬ್ಬಿಯಲ್ಲಿ ಒಂದು ತುಂಡು ಇಂಗು ಹಾಕಿಡುತ್ತಾರೆ. ಇದೆಲ್ಲ ಗೃಹಿಣಿಯ ಕಾಯಕ. ಇದನ್ನು ಆಸೆ ಎಂದು ಕರೆದರೆ ಕಾಯಕಕ್ಕೇ ಅಪಚಾರ.

ಹಾಗಾದರೆ ತಪ್ಪು ಎಲ್ಲಿದೆ?

ಇತ್ತೀಚಿನ ಒಂದೆರಡು ಪ್ರಸಂಗಗಳನ್ನು ನೋಡೋಣ. 2016ರ ನವೆಂಬರಿನಲ್ಲಿ ಉತ್ತರಪ್ರದೇಶ, ದೆಹಲಿಯ ಕಡೆ ಉಪ್ಪು ಮುಗಿದುಹೋಯಿತೆಂದು ಯಾರೋ ಗಾಳಿಮಾತು ಹಬ್ಬಿಸಿದರು. ಒಂದೇ ರಾತ್ರಿಯಲ್ಲಿ ಅಂಗಡಿಗಳ ಮುಂದೆ ನೂಕುನುಗ್ಗಲಾಯಿತು. ಕೆಲವು ರೂಪಾಯಿಗೆ ಸಿಗುವ ಉಪ್ಪಿಗೆ ಜನ ನೂರಾರು ರೂಪಾಯಿ ಕೊಟ್ಟರು. ಮೂರು ಕಡೆ ಸಮುದ್ರವಿರುವ ದೇಶದಲ್ಲಿ, ಗುಜರಾತಿನ ಗದ್ದೆಗಳಲ್ಲಿ ಗುಡ್ಡದಂತೆ ಉಪ್ಪು ಬಿದ್ದಿರುವಾಗ, ಮನುಷ್ಯ ಉಪ್ಪಿಗಾಗಿ ಕಿತ್ತಾಡಿದ. ಉಪ್ಪು ಕಡಮೆಯಾಗಿರಲಿಲ್ಲ, ನಂಬಿಕೆ ಕಡಮೆಯಾಗಿತ್ತು.

ಇದು ಓದುಬರಹವಿಲ್ಲದವರು ಮಾಡುವ ಕೆಲಸವೆಂದು ತಿಳಿಯಬೇಡಿ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸುಮತಿಯಲ್ಲದ ಬೆಳ್ಳಕ್ಕಿಯನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಲ್ಲಿಸಿತು. ಸುದ್ದಿ ಅಮೆರಿಕೆಗೆ ಮುಟ್ಟಿದ್ದೇ ತಡ, ಅಲ್ಲಿರುವ ನಮ್ಮ ದೇಶದವರು ಕಾರುಗಳಲ್ಲಿ ಭಾರತೀಯ ಅಂಗಡಿಗಳಿಗೆ ಧಾವಿಸಿ ಸೋನಾ ಮಸೂರಿಯ ಮೂಟೆಗಳನ್ನು ಹೊತ್ತೊಯ್ದರು. ದೊಡ್ಡ ದೊಡ್ಡ ಪದವಿ ಪಡೆದವರು, ಕೈತುಂಬ ಸಂಬಳ ತರುವವರು! ಕೆಲವು ಅಂಗಡಿಯವರು ಮನೆಗೊಂದೇ ಮೂಟೆ ಎಂದು ಚೀಟಿ ಅಂಟಿಸಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧವೂ ತೆರವಾಯಿತು. ಭಯಕ್ಕೆ ಪದವಿಯ ಭೇದವಿಲ್ಲ ಎಂಬುದನ್ನು ಇದರಿಂದ ಮನಗಾಣಬೇಕು.

ಇನ್ನು ಆ ತಾಯಿ ಕೇಳಿದ ಜೀರಿಗೆಯ ವಿಷಯ. ನಮ್ಮ ದೇಶದ ಜೀರಿಗೆಯೆಲ್ಲ ಹೆಚ್ಚುಕಡಮೆ ಗುಜರಾತು, ರಾಜಸ್ಥಾನಗಳಿಂದಲೇ ಬರಬೇಕು. 2023ರಲ್ಲಿ ಕೊಯ್ಲಿನ ಹೊತ್ತಿಗೆ ಅಲ್ಲಿ ಅಕಾಲ ಮಳೆ ಬಿತ್ತು. ಗುಜರಾತಿನ ಉಂಝಾ ಮಾರುಕಟ್ಟೆಯಲ್ಲಿ ಕ್ವಿಂಟಾಲಿನ ಬೆಲೆ 50 ಸಾವಿರ ರೂಪಾಯಿ ದಾಟಿತು. ಇನ್ನೂ ಏರುತ್ತದೆಂದು ಹೆದರಿ ತುಂಬಿಟ್ಟುಕೊಂಡವರು ಎಷ್ಟೋ ಜನ. ಮರುವರ್ಷ ಅದೇ ಜೀರಿಗೆಯ ಬೆಲೆ ಅರ್ಧಕ್ಕೆ ಇಳಿಯಿತು. ನಿಮ್ಮ ಕೋಲಾರದ ಟೊಮೆಟೊ ಕಥೆ ನೀವೇ ಕಂಡಿದ್ದೀರಿ. ಅದೇ 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು, ತೋಟಕ್ಕೆ ರಾತ್ರಿಯೆಲ್ಲ ಕಾವಲು ಕಾಯಬೇಕಾಯಿತು. ಮುಂದೆ ಕೆಲವೇ ವಾರಗಳಲ್ಲಿ ಬೆಲೆ ನೆಲ ಕಚ್ಚಿತು. ಬೆಳೆಯುವವರಾದ ನಿಮಗೆ ಬೆಲೆಯ ಏರಿಳಿತವನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಬೆಳೆಯುವಾಗ ಗೊತ್ತಿರುವುದು ಕೊಳ್ಳುವಾಗ ಮರೆತುಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹೇಳುತ್ತೇವೆ, ಮಕ್ಕಳೂ ಕೇಳಲಿ. ಒಂದು ಊರಿನಲ್ಲಿ ನೂರು ಮನೆ. ಅಂಗಡಿಯಲ್ಲಿ ಹತ್ತು ಕೆ.ಜಿ. ಮೆಣಸಿನಕಾಯಿ ಇದೆ. ಮುಂದಿನ ಲಾರಿ ಬರಲು ಒಂದು ವಾರ ಬೇಕು. ಮನೆಗೆ ನೂರು ಗ್ರಾಮಿನಂತೆ ಕೊಂಡರೆ ನೂರು ಮನೆಯಲ್ಲೂ ಸಾರು ಕುದಿಯುತ್ತದೆ. ಹತ್ತು ಮನೆಯವರು ಹೆದರಿ ಒಂದೊಂದು ಕೆ.ಜಿ. ಒಯ್ದರೆ ಅಂಗಡಿ ಬರಿದು. ಉಳಿದ ತೊಂಬತ್ತು ಮನೆಗೆ ಬಂದ ಅಭಾವವನ್ನು ದೇವರು ತಂದನೇ? ಮಳೆ ತಂದಿತೇ? ಹತ್ತು ಮನೆಯ ಕೈಚೀಲ ತಂದಿತು. ಆ ಹತ್ತು ಮನೆಯವರಾದರೂ ಕಳ್ಳರಲ್ಲ, ದುಡ್ಡು ಕೊಟ್ಟೇ ಕೊಂಡವರು. "ನಮ್ಮ ದುಡ್ಡು, ನಾವು ಕೊಂಡೆವು" ಎನ್ನುತ್ತಾರೆ. ಸರಿ. ಆದರೆ ಆ ತೊಂಬತ್ತು ಮನೆಯವರು ಯಾರು? ದಿನಗೂಲಿಯವರು. ಸಂಜೆ ಕೂಲಿ ಕೈಗೆ ಬಂದ ಮೇಲೆ ಹತ್ತು ರೂಪಾಯಿ ಕಾರದ ಪುಡಿ ಕೊಳ್ಳುವವರು. ತುಂಬಿಡಬೇಕೆಂದರೂ ತುಂಬಿಡಲು ಆಗದವರು. ಅವರ ಉಗ್ರಾಣ ಅವರ ಮನೆಯಲ್ಲಿಲ್ಲ, ಅಂಗಡಿಯಲ್ಲಿದೆ. ಅಂಗಡಿಯನ್ನು ಬರಿದು ಮಾಡಿದವನು ಅವರ ಮನೆಯ ಉಗ್ರಾಣವನ್ನೇ ಬರಿದು ಮಾಡಿದಂತೆ.

ಈಗ ನಮ್ಮ ತಪ್ಪಿನ ವಿಷಯ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ, ಕೊರೋನಾ ಕಾರಣದಿಂದ ದೇಶವನ್ನೆಲ್ಲ 21 ದಿನ ಮುಚ್ಚುವುದಾಗಿ ಪ್ರಧಾನಿಗಳು ಸಾರಿದರು. ದಿನಸಿ ಅಂಗಡಿಗಳು ತೆರೆದಿರುತ್ತವೆ ಎಂದೂ ಸರ್ಕಾರ ಹೇಳಿತ್ತು. ಅದು ಯಾರ ಕಿವಿಗೂ ಬೀಳಲಿಲ್ಲ, ನಮ್ಮ ಕಿವಿಗೂ ಬೀಳಲಿಲ್ಲ. ಉಗ್ರಾಣ ನೋಡಿಕೊಳ್ಳುವ ನಮ್ಮ ಮರಿ ಓಡಿಬಂದು, "ಬುದ್ಧೀ, ಏನು ಮಾಡೋಣ?" ಎಂದ. ಮಠದಲ್ಲಿ ಆ ವರ್ಷದ ಹುಣಸೆಹಣ್ಣು, ಮೆಣಸಿನಕಾಯಿ ಆಗಲೇ ಭಕ್ತರ ಮನೆಗಳಿಂದ ಬಂದು ತುಂಬಿತ್ತು. ಶಾಲೆ ಮುಚ್ಚಿ ಮಕ್ಕಳೂ ಊರಿಗೆ ಹೋಗಿದ್ದರು. ಎಷ್ಟಿದೆ, ಎಷ್ಟು ಬೇಕು ಎಂದು ನಾವು ಕೇಳಲಿಲ್ಲ. "ಏನು ಸಿಗುತ್ತದೋ ಎಲ್ಲ ತೆಗೆದುಕೊಂಡು ಬಾ" ಎಂದೆವು. ಮರುದಿನ ಬೆಳಿಗ್ಗೆ ಅವನು ಊರಿನ ಅಂಗಡಿಯಲ್ಲಿದ್ದ ಮೆಣಸಿನಕಾಯಿ, ಧನಿಯ, ಜೀರಿಗೆ, ಬೆಳ್ಳುಳ್ಳಿಯನ್ನೆಲ್ಲ ಕೈಗಾಡಿಯಲ್ಲಿ ತಂದ. ಮಠವೆಂದ ಮೇಲೆ ಅಂಗಡಿಯವರು ಇಲ್ಲವೆನ್ನಲಿಲ್ಲ. ತುಂಬಿದ ಉಗ್ರಾಣ ನೋಡಿ ಅಂದು ನಮಗೆ ಚೆನ್ನಾಗಿ ನಿದ್ರೆ ಬಂದಿತು.

ಹತ್ತು ದಿನ ಕಳೆಯಿತು. ಮಠದ ಕೊಟ್ಟಿಗೆ ಗುಡಿಸುವ ಒಬ್ಬ ತಾಯಿ ದೂರದಲ್ಲಿ ನಿಂತು ನಮಸ್ಕಾರ ಮಾಡಿದರು. "ಊಟಕ್ಕೆ ತೊಂದರೆಯಿಲ್ಲ ತಾನೇ ತಾಯಿ?" ಎಂದು ಕೇಳಿದೆವು. "ರೇಷನ್ ಅಕ್ಕಿ ಐತೆ ಬುದ್ಧಿ, ಮನೇಲಿ ರಾಗೀನೂ ಐತೆ. ಕಾರ ಒಂದಿಲ್ಲ. ಉಪ್ಪು ನೀರಿಗೆ ಅದ್ದಿ ಮುದ್ದೆ ಕೊಡ್ತೀನಿ, ಚಿಕ್ಕವನು ನುಂಗಲ್ಲ, ಅಳ್ತಾನೆ" ಎಂದರು. "ಅಂಗಡಿಯಲ್ಲಿ ಸಿಗಲಿಲ್ಲವೇ?" ಎಂದೆವು. ಆ ತಾಯಿ ಸ್ವಲ್ಪವೂ ಕೊಂಕಿಲ್ಲದೆ ಹೇಳಿದರು: "ಎಲ್ಲಾ ಮಠಕ್ಕೆ ಹೋಯ್ತು ಅಂದ್ರು ಬುದ್ಧಿ. ಮಠಕ್ಕೆ ತಾನೇ ಹೋಗಿರೋದು, ಹೋಗ್ಲಿ, ಒಳ್ಳೇದಕ್ಕೇ."

ಶರಣರೇ, ಆಕೆ ಬೈದಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. ಆ 'ಒಳ್ಳೇದಕ್ಕೇ' ಎಂಬ ಮಾತು ನಮ್ಮನ್ನು ಸುಟ್ಟಿತು. ಸರ್ಕಾರ ಅಕ್ಕಿ ಕೊಡಬಹುದು, ಆ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ತಲೆಗೆ 5 ಕೆ.ಜಿ. ಧಾನ್ಯವನ್ನು ಉಚಿತವಾಗಿಯೇ ಕೊಟ್ಟಿತು. ಆದರೆ ಅಕ್ಕಿ, ರಾಗಿ ಊಟವಾಗಲು ಸಾರು ಬೇಕು, ಸಾರಿಗೆ ನಾಲ್ಕು ಮೆಣಸಿನಕಾಯಿ ಬೇಕು. ಆ ನಾಲ್ಕು ಮೆಣಸಿನಕಾಯಿ ನಮ್ಮ ಉಗ್ರಾಣದಲ್ಲಿ, ನಮಗೆ ಬೇಡದ ಮೂಟೆಯಲ್ಲಿ ಇದ್ದವು. ದಾಸೋಹದ ಮಠವೆಂದು ಹೆಸರು, ಮಾಡಿದ್ದು ಒಂದು ಮಗುವಿನ ತಟ್ಟೆಯಿಂದ ಕಿತ್ತುಕೊಂಡ ಕೆಲಸ.

ಆಗ ನಮಗೆ ಆಯ್ದಕ್ಕಿ ಲಕ್ಕಮ್ಮತಾಯಿ ನೆನಪಾದರು. ನೀವೆಲ್ಲ ಕೇಳಿದ ಕಥೆಯೇ. ಮಾರಯ್ಯ, ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮ ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕಕ್ಕೆ ತಡವಾಯಿತು. ಲಕ್ಕಮ್ಮ ಎಚ್ಚರಿಸಿದಾಗ ಅವಸರದಿಂದ ಓಡಿಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಆ ತಾಯಿ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ದಿನಕ್ಕೆ ಬೇಕಾದಷ್ಟನ್ನು ಬಿಟ್ಟು ಹೆಚ್ಚಿನದು ನಮಗೇಕೆ, ಇಂಥ ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಸಲ್ಲದು, ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಮರುಮಾತಾಡದೆ ಹೋಗಿ ಸುರಿದು ಬಂದರು. ಹೆಂಡತಿ ಹೇಳಿದ ಬುದ್ಧಿಮಾತಿಗೆ ತಲೆಬಾಗುವುದರಲ್ಲಿಯೂ ಮಾರಯ್ಯನವರು ದೊಡ್ಡವರು. ಇಲ್ಲಿ ಕುಳಿತ ಗಂಡಸರು ಇದನ್ನೂ ಗಮನಿಸಬೇಕು!

ನಮಗೆ ಕೊಟ್ಟಿಗೆಯ ಆ ತಾಯಿಯೇ ಲಕ್ಕಮ್ಮನಾದರು. ಅಂದೇ ಮರಿಯನ್ನು ಕರೆದು, ಅಂಗಡಿಯಿಂದ ತಂದದ್ದನ್ನೆಲ್ಲ ನೂರು ನೂರು ಗ್ರಾಮಿನ ಪೊಟ್ಟಣ ಕಟ್ಟಿಸಿದೆವು. ಮೊದಲ ಪೊಟ್ಟಣ ಆ ಮನೆಗೆ ಹೋಯಿತು. ಉಳಿದವನ್ನು ಕೂಲಿಯವರ ಮನೆಮನೆಗೆ ಹಂಚಿಸಿದೆವು. ಆದರೆ ಇದನ್ನು ನಾವು ಪುಣ್ಯದ ಲೆಕ್ಕದಲ್ಲಿ ಬರೆದುಕೊಳ್ಳುವಂತಿಲ್ಲ. ಮಾರಯ್ಯನವರು ಅದೇ ದಿನ ಸುರಿದು ಬಂದರು, ನಾವು ಹತ್ತು ದಿನ ತಡಮಾಡಿದೆವು. ಮೆಣಸಿನಕಾಯಿ ಹಿಂದಕ್ಕೆ ಕೊಡಬಹುದು. ಆ ಮಗು ಅತ್ತ ಹತ್ತು ದಿನದ ಊಟವನ್ನು ಹಿಂದಕ್ಕೆ ಕೊಡುವುದು ಹೇಗೆ?

ಆ ತಾಯಿಯ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಮೂರು ಮಾತು ನೆನಪಿಡಿ.

ಮೊದಲನೆಯದು ಕಾಲ. ತುಂಬಿಡುವುದಾದರೆ ಸುಗ್ಗಿಯಲ್ಲಿ ತುಂಬಿ, ಅಭಾವದಲ್ಲಿ ತುಂಬಬೇಡಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಒಮ್ಮೆಗೇ ಕುಸಿಯಿತೆಂದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಪತ್ರಿಕೆಗಳಲ್ಲಿ ಓದಿದಿರಿ. ಬೆಂಕಿ ಹಚ್ಚಿದ್ದು ಸರಿಯಲ್ಲ, ಆದರೆ ಆ ಹೊಟ್ಟೆಯ ಉರಿ ಸುಳ್ಳಲ್ಲ. ಕೊಳ್ಳುವವರಿಲ್ಲದೆ ರೈತ ಅಳುವಾಗ ವರ್ಷಕ್ಕಾಗುವಷ್ಟು ಕೊಂಡಿಟ್ಟರೆ ನಿಮ್ಮ ಸಂಗ್ರಹ ಅವನಿಗೆ ಆಸರೆ. ಅಂಗಡಿ ಬರಿದಾಗುವಾಗ ಕೊಂಡಿಟ್ಟರೆ ಅದೇ ಸಂಗ್ರಹ ಬಡವನಿಗೆ ಪೆಟ್ಟು. ಸಾಮಾನು ಒಂದೇ, ಕಾಲ ಬೇರೆ, ಫಲವೂ ಬೇರೆ.

ಎರಡನೆಯದು ಅಳತೆ. ಐದು ಜನರ ಮನೆಗೆ ತಿಂಗಳಿಗೆ ಅರ್ಧ ಕೆ.ಜಿ. ಮೆಣಸಿನಕಾಯಿ ಹಿಡಿದರೆ ವರ್ಷಕ್ಕೆ ಆರು ಕೆ.ಜಿ. ಹಬ್ಬ, ನೆಂಟರು ಎಂದು ಇನ್ನೊಂದು ಕೆ.ಜಿ. ಸೇರಿಸಿ. ಅದಕ್ಕಿಂತ ಹೆಚ್ಚಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಮೆಣಸಿನಕಾಯಿ ವಿಷವೆಂದು ವಿಜ್ಞಾನಿಗಳೂ ಹೇಳುತ್ತಾರೆ. ಇಡಿಯಾಗಿ ಇಡಿ, ಬೇಕಾದಷ್ಟೇ ಪುಡಿ ಮಾಡಿಸಿ. ಬೆಲೆ ಏರಿದಾಗ ಅಗ್ಗದ ಪುಡಿಗೆ ಮರುಳಾಗಬೇಡಿ. ಕಾರದ ಪುಡಿಗೆ ಇಟ್ಟಿಗೆ ಪುಡಿ, ಮೆಣಸಿಗೆ ಪರಂಗಿ ಬೀಜ, ಅರಿಸಿನಕ್ಕೆ ಬಣ್ಣ ಬೆರೆಸುವವರು ಅಭಾವದ ಕಾಲವನ್ನೇ ಕಾಯುತ್ತಿರುತ್ತಾರೆ. ಇನ್ನು, ಒಂದು ಸಾಮಾನು ಸಿಗದಿದ್ದರೆ ಪ್ರಳಯವಾಗುವುದಿಲ್ಲ ಎಂಬುದೂ ತಿಳಿದಿರಲಿ. ನಮ್ಮ ಮೆಣಸಿನಕಾಯಿ ಈ ದೇಶದ್ದಲ್ಲ, ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದರ ಹೆಸರನ್ನೂ ಯಾರೂ ಕೇಳಿರಲಿಲ್ಲ, ಕಾರಕ್ಕೆ ಮೆಣಸೇ ಇತ್ತು. ಬಸವಣ್ಣನವರ ಮಹಾಮನೆಯ ದಾಸೋಹ ಒಂದೇ ಒಂದು ಮೆಣಸಿನಕಾಯಿ ಇಲ್ಲದೆ ನಡೆಯಿತು ತಾಯಂದಿರೇ! ಜೀರಿಗೆ ಸಿಗದ ತಿಂಗಳು ಜೀರಿಗೆಯಿಲ್ಲದೆ ಒಗ್ಗರಣೆ ಹಾಕಿದರೆ ಯಾರೂ ಉಪವಾಸ ಬೀಳುವುದಿಲ್ಲ.

ಮೂರನೆಯದು ಬಾಗಿಲು. ಆಗಲೇ ಹಗೇವಿನ ಮಾತು ಹೇಳಿದೆವು. ನಿಮ್ಮ ಸಂಗ್ರಹ ನೆರೆಯವರಿಗೆ ಗೊತ್ತಿರಲಿ. ಪಕ್ಕದ ಮನೆಯವಳು ಬಟ್ಟಲು ಹಿಡಿದು ಬಂದಾಗ "ನಮ್ಮಲ್ಲೂ ಮುಗಿದಿದೆ" ಎಂದು ನೀವು ಸುಳ್ಳು ಹೇಳಿದ ದಿನ ಆ ಡಬ್ಬಿ ಸಂಗ್ರಹವಾಗಿ ಉಳಿಯಲಿಲ್ಲ, ಬಚ್ಚಿಟ್ಟ ಮಾಲಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮಿಗಳು ಸಾವಿರ ಸಾವಿರ ಮಕ್ಕಳಿಗೆ ಅನ್ನವಿಟ್ಟರು. ಅಷ್ಟು ಮಕ್ಕಳಿಗೆ ಉಣಿಸಲು ದೊಡ್ಡ ಉಗ್ರಾಣವೇ ಬೇಕು. ಆದರೆ ಅದು ರೈತನ ಕಣದಿಂದ ತುಂಬಿ ಮಕ್ಕಳ ತಟ್ಟೆಗೆ ಖಾಲಿಯಾಗುವ ಉಗ್ರಾಣ. ಹಾಗೆ ಖಾಲಿಯಾಗುವುದಕ್ಕೆಂದೇ ತುಂಬಿದ್ದು ದಾಸೋಹ.

ಅಂಗಡಿ ಇಟ್ಟಿರುವ ಭಕ್ತರಿಗೂ ಒಂದು ಮಾತು. ಅಗತ್ಯ ವಸ್ತುಗಳನ್ನು ಕೂಡಿಟ್ಟು ಅಭಾವ ಮಾಡುವವರನ್ನು ಹಿಡಿಯಲು 1955ರಿಂದಲೂ ಕಾಯಿದೆಯಿದೆ. ಆದರೆ ಕಾಯಿದೆ ನಿಮ್ಮ ಗೋದಾಮಿನ ಬೀಗ ನೋಡಬಹುದು, ಮನಸ್ಸಿನ ಬೀಗ ನೋಡಲಾರದು. ಸಾಮಾನು ಕಡಮೆಯಿದ್ದಾಗ ದೊಡ್ಡ ಚೀಲದವನಿಗೆ ಸ್ವಲ್ಪ ಕಡಮೆ ಕೊಟ್ಟು, ಹತ್ತು ರೂಪಾಯಿಯವನಿಗೆ ಇಲ್ಲವೆನ್ನದೆ ಕೊಡಿ. ಮಠದಿಂದ ಬಂದವರು ಕೇಳಿದರೂ ಹಾಗೆಯೇ ಮಾಡಿ. ಅಂದು ಆ ಅಂಗಡಿಯವರು "ಬುದ್ಧೀ, ಇಷ್ಟು ಬೇಡ" ಎಂದಿದ್ದರೆ ಅದೇ ನಮಗೆ ದೊಡ್ಡ ಪಾದಪೂಜೆಯಾಗುತ್ತಿತ್ತು.

ನಿನ್ನೆ ಕೇಳಿದ ತಾಯಿ ಇಲ್ಲಿಯೇ ಎಲ್ಲೋ ಕುಳಿತಿದ್ದಾರೆ. ತುಂಬಿಡು ತಾಯಿ, ತಪ್ಪಿಲ್ಲ. ಸುಗ್ಗಿಯಲ್ಲಿ ತುಂಬು, ಅಳೆದು ತುಂಬು. ತುಂಬುವಾಗ ಒಂದು ಹಿಡಿ ಬೇರೆ ಡಬ್ಬಿಯಲ್ಲಿ ಹಾಕಿ, ಇದು ಬಟ್ಟಲು ಹಿಡಿದು ಬರುವವರದು ಎಂದು ಇಡು. ಆ ಡಬ್ಬಿ ನಿನ್ನ ಮನೆಯ ದಾಸೋಹ. ಹೋಳೂರಿನ ಒಂದು ಮನೆಯಲ್ಲಿಯೂ ಅಭಾವದ ದಿನ ಮಗು ಬರೀ ಮುದ್ದೆಯ ಮುಂದೆ ಅಳದಿರಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.